ಕುತ್ತಿಗೆಯವರೆಗಿನ ನವಿಲು

೧

ಎಲ್ಲಿಂದ ಶುರು ಮಾಡಲಿ? ಚಿತ್ರಕಾರನ ಕಥೆ ಅಂದಮೇಲೆ ಕಣ್ಣಿನಿಂದ ಶುರು ಮಾಡಬೇಕು ಅಂತ ಮೊದಲ ಡ್ರಾಫ್ಟಿನಲ್ಲಿ "ಜಹೀರುದ್ದೀನನ ಕಣ್ಣುಗಳಲ್ಲಿ ಒಂದು ಬೆಂಕಿ ಇತ್ತು" ಎಂದು ಬರೆದೆ. ಓದಿ ನಗು ಬಂತು. ಅವನ ಕಣ್ಣಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಪಿಸುರು. (ಒದ್ದೆ ಅರಿವೆಯಿಂದ ಒರೆಸಿದವಳು ನಾನು, ನನಗೆ ಗೊತ್ತಿಲ್ಲವೇ.) ಆ ಹಾಳೆ ಒಲೆಗೆ ಹೋಯಿತು.

ಎರಡನೆಯ ಡ್ರಾಫ್ಟ್ ಮುಂಬೈಯಿಂದ ಶುರುವಾಯಿತು. ನಾನು ಮುಂಬೈ ನೋಡಿಲ್ಲ. ಎರಡು ಪುಟ ಸಮುದ್ರ ಬರೆದೆ. ಅದು ನಮ್ಮ ನವಲಗುಂದದ ಕೆರೆಯ ಹಾಗೆಯೇ ಇತ್ತು. ಎಮ್ಮೆಗಳು ಮಾತ್ರ ಇರಲಿಲ್ಲ. ಅದೂ ಒಲೆಗೆ.

ಮಗ್ಗದ ಮೇಲೆ ನವಿಲು ನೇಯುವವರು ಕಾಲಿನಿಂದ ಶುರು ಮಾಡುತ್ತಾರೆ. ಬೇರೆ ದಾರಿಯೇ ಇಲ್ಲ. ಜಮಖಾನ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕಾಲು ಮುಗಿಯದೆ ಹೊಟ್ಟೆ ಇಲ್ಲ, ಹೊಟ್ಟೆ ಮುಗಿಯದೆ ಕುತ್ತಿಗೆ ಇಲ್ಲ. ಕಬ್ಬಿಣದ ಪಂಜಾದಿಂದ ಒಮ್ಮೆ ಬಡಿದು ಕೂಡಿಸಿದ ಎಳೆಯನ್ನು ಮತ್ತೆ ಮುಟ್ಟುವಂತಿಲ್ಲ.

ಸರಿ, ಕಾಲು: ನನಗೆ ನನ್ನ ಅಣ್ಣನ ಮೇಲೆ ಹೊಟ್ಟೆಕಿಚ್ಚು.

ನವಿಲಿನ ಕಾಲಿನ ಹಾಗೆ, ನೋಡಲು ಛಂದವಿಲ್ಲ. ಆದರೆ ಕಥೆ ನಿಂತಿರುವುದು ಇದರ ಮೇಲೆಯೇ.

೨

ಜನ ಬಹಳ ಇಲ್ಲ. ನಮ್ಮ ಅವ್ವ ರಾಜಮಾಬಿ, ನವಲಗುಂದದಲ್ಲಿ ಜಮಖಾನ ನೇಯುವ ಓಣಿಯವಳು. ಅಣ್ಣ ಜಹೀರುದ್ದೀನ, ಚಿತ್ರಕಾರ. ಅವನ ಹೆಂಡತಿ ಅಜೀಜಾಬಿ, ನನಗೆ ಭಾಭಿ. ಮತ್ತೆ ನಾನು, ಫಾತಿಮಾ, ಅಣ್ಣಿಗೇರಿಗೆ ಕೊಟ್ಟ ಮಗಳು. ಮಧ್ಯಾಹ್ನ ಚಿಕ್ಕ ಮಗಳು ಮಲಗಿದಾಗ ದೊಡ್ಡ ಮಗನ ಹಳೆಯ ನೋಟಬುಕ್ಕಿನ ಖಾಲಿ ಹಾಳೆಗಳಲ್ಲಿ ಬರೆಯುತ್ತೇನೆ. (ನಡುವೆ ಎಲ್ಲಾದರೂ ಏಳರ ಮಗ್ಗಿ ಬಂದರೆ ಹಾರಿಸಿ ಓದಿ.)

(ಇನ್ನೊಂದು. ನಮ್ಮ ಮನೆಯ ಮಾತು ಉರ್ದು. ಇಲ್ಲಿ ಎಲ್ಲರ ಬಾಯಲ್ಲೂ ಕನ್ನಡ ಹಾಕಿದ್ದೇನೆ. ಸುಳ್ಳು ಅನ್ನಬೇಡಿ. ಓಣಿಯಲ್ಲಿ ಜಗಳ ಬಂದರೆ ನಾವು ಕನ್ನಡಕ್ಕೇ ಬರುತ್ತಿದ್ದೆವು. ಉರ್ದುವಿನಲ್ಲಿ ಬೈದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ, ಬೈದದ್ದು ದಂಡ.)

ನಮ್ಮ ಮನೆಯಲ್ಲಿ ಮಗ್ಗದ ಮುಂದೆ ಕೂಡುವವರು ಹೆಂಗಸರು ಮಾತ್ರ. ಗಂಡಸರು ನೂಲು ತರುತ್ತಾರೆ, ಬಣ್ಣ ಕಟ್ಟುತ್ತಾರೆ, ನೇಯುವುದಿಲ್ಲ. ಹೆಂಗಸರಲ್ಲೂ ಸೊಸೆಯರಿಗೆ ಮಾತ್ರ ಕಲಿಸುವುದು. ಮಗಳಿಗೆ ಇಲ್ಲ. ಮಗಳು ಕಲಿತರೆ ವಿದ್ಯೆ ಅವಳ ಜೊತೆ ಬಸ್ಸು ಹತ್ತಿ ಇನ್ನೊಬ್ಬರ ಮನೆಗೆ ಹೋಗುತ್ತದೆ.

"ನಾ ಬಸ್ಸ ಹತ್ತಂಗಿಲ್ಲ, ಇಲ್ಲೇ ಇರ್ತೀನಿ, ಕಲಸು" ಎಂದು ಒಂಬತ್ತು ವರ್ಷದವಳಿದ್ದಾಗ ಅತ್ತಿದ್ದೆ.

"ಹತ್ತೂ ಮುಂದ ಹಿಂಗ ಅಳು. ಈಗ ನೂಲಿನ ಉಂಡಿ ಹಿಡಿ" ಎಂದಳು ಅವ್ವ.

೩

ಅಜೀಜಾಬಿ ಯಮನೂರಿನಿಂದ ಮದುವೆಯಾಗಿ ಬಂದಾಗ ನನಗೆ ಹದಿನಾರು. ಮಗ್ಗ ನೋಡಿ "ಇದಕ್ಕ ಎಮ್ಮಿ ಕಟ್ತೀರೇನು?" ಎಂದು ಕೇಳಿದ ಹುಡುಗಿ ಅದು. ಹನ್ನೊಂದನೆಯ ದಿನ ಅವ್ವ ಅವಳನ್ನು ತನ್ನ ಬಾಜು ಕೂಡಿಸಿಕೊಂಡಳು. ಅವಳ ಬೆರಳು ಹಿಡಿದು ಎಳೆ ದಾಟಿಸಿದಳು. ನನ್ನ ಬೆರಳನ್ನು ಅವ್ವ ಹಾಗೆ ಹಿಡಿದದ್ದು ಮುಳ್ಳು ತೆಗೆಯಲು ಮಾತ್ರ.

ನನ್ನ ಜಾಗ ಮಗ್ಗದ ಹಿಂದೆ. ಉಂಡೆ ಕೊಡುವುದು, ಹರಿದ ಎಳೆಗೆ ಗಂಟು ಹಾಕುವುದು. ಆದರೆ ಜಮಖಾನಕ್ಕೆ ಬೆನ್ನಿಲ್ಲ. ಮುಂದೆ ಕಂಡದ್ದು ಹಿಂದೆಯೂ ಕಾಣುತ್ತದೆ. ನಾನು ಹಿಂದೆ ಕೂತು ಕಾಲು ಕದ್ದೆ. ಹೊಟ್ಟೆ ಕದ್ದೆ. ಗರಿ ಕದ್ದೆ. ಎಷ್ಟು ಎಳೆ ಬಿಡಬೇಕು, ಎಷ್ಟು ಹಿಡಿಯಬೇಕು, ಎಲ್ಲ ಬಾಯಿಪಾಠ.

ನವಿಲಿನ ಕುತ್ತಿಗೆ ಮುಗಿಯುತ್ತ ಬಂದಾಗ ಅವ್ವ ಪ್ರತಿ ಸಲವೂ ತಲೆ ಎತ್ತದೆ ಹೇಳುತ್ತಿದ್ದಳು: "ಫಾತಿ, ಅಂಗಡಿಗಿ ಹೋಗಿ ಬೆಲ್ಲ ತಗೊಂಬಾ."

ಮನೆಯಲ್ಲಿ ಬೆಲ್ಲ ಗಡಿಗೆ ತುಂಬ ಇರುತ್ತಿತ್ತು. ನಾನು ತಿರುಗಿ ಬರುವ ಹೊತ್ತಿಗೆ ತಲೆ ಆಗಿರುತ್ತಿತ್ತು.

(ಆದ ತಲೆಯನ್ನು ನೋಡಿ ಕಲಿಯಬಾರದೇ ಎಂದು ನೀವು ಕೇಳುತ್ತೀರಿ. ಆಗುವುದಿಲ್ಲ. ತಲೆ ಅಂದರೆ ಹೆಬ್ಬೆಟ್ಟಿನಷ್ಟು ಜಾಗ. ಅದರಲ್ಲಿ ಕೊಕ್ಕು, ಕಣ್ಣು, ಜುಟ್ಟು, ಮೂರು ಬಣ್ಣದ ಎಳೆ. ಒಂದರೊಳಗೊಂದು ಕೊಂಡಿ ಹಾಕುವ ಕ್ರಮ ತಪ್ಪಿದರೆ ಬಣ್ಣ ಬಣ್ಣದ ನಡುವೆ ಸೀಳು ಬಿಡುತ್ತದೆ. ತಲೆಯ ಜಾಗದಲ್ಲಿ ತೂತು.)

೩, ಮತ್ತೊಮ್ಮೆ

ಓದಿ ನೋಡಿದೆ. ಚಿತ್ರಕಾರನ ಕಥೆ ಎಂದು ಹೇಳಿ ನನ್ನ ಕಥೆಯನ್ನೇ ಬರೆದುಕೊಂಡಿದ್ದೇನೆ. ಹೊಟ್ಟೆಕಿಚ್ಚಿನ ಮೊದಲ ಲಕ್ಷಣ ಇದೇ ಇರಬೇಕು. ಅವನಿಗೆ ಜಾಗ ಬಿಡುತ್ತೇನೆ.

ಜಹೀರುದ್ದೀನ ಮೊದಲು ನಾಟಕ ಕಂಪನಿಗಳ ಪರದೆ ಬರೆಯುತ್ತಿದ್ದ. ಆಮೇಲೆ ಚಿತ್ರಕಲೆಯ ಶಾಲೆ, ಆಮೇಲೆ ಮುಂಬೈ. ಅಲ್ಲಿ ಅವನು ಬರೆದದ್ದು ನಮ್ಮ ಎರೆಮಣ್ಣು. ಬೇರೇನೂ ಇಲ್ಲ. ಆಳೆತ್ತರದ ಕ್ಯಾನ್ವಾಸ್, ತುಂಬ ಕಪ್ಪು, ಬೇಸಿಗೆಯಲ್ಲಿ ಬಿರುಕು ಬಿಟ್ಟ ಹೊಲ. ಒಂದನ್ನು ಊರಿಗೆ ತಂದಿದ್ದ. ಅದರ ಮುಂದೆ ನಿಂತಾಗ ನಾನು ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡೆ, ಬಿರುಕಿನಲ್ಲಿ ಕಾಲು ಸಿಕ್ಕೀತು ಅಂತ. ಕಂಕುಳಲ್ಲಿದ್ದ ಮಗುವನ್ನು ಇನ್ನಷ್ಟು ಬಿಗಿ ಹಿಡಿದೆ. ಹೊಟ್ಟೆಕಿಚ್ಚಿನವಳ ಸಾಕ್ಷಿ ಇದು, ಆದ್ದರಿಂದ ನಂಬಿ: ಅವನು ದೊಡ್ಡವನು. ಇಂಗ್ಲಿಷ್ ಪೇಪರಿನವರೂ ಹಾಗೆಯೇ ಬರೆದರು. ಅವರಿಗಿಂತ ಮೊದಲು ನನಗೆ ಗೊತ್ತಾಗಿತ್ತು, ಹೊಟ್ಟೆಯಲ್ಲಿ ಉರಿದದ್ದರಿಂದ.

೪

ಎಂಬತ್ತೈದರ ದೀಪಾವಳಿ ಮುಗಿದ ಮೇಲೆ ಯಾರೋ ಗೆಳೆಯರು ಅವನನ್ನು ರೈಲು ಹತ್ತಿಸಿ ಕಳಿಸಿದರು. ಒಂದು ವರ್ಷದಿಂದ ಒಂದೇ ಚಿತ್ರ. ದಿನವಿಡೀ ಬರೆಯುವುದು, ಮರುದಿನ ಕೆರೆದು ತೆಗೆಯುವುದು.

"ಮುಗಸೂದು ಹೆಂಗ ಅಂತ ಮರತೈತಿ, ಫಾತಿ" ಎಂದ ನನಗೆ. "ಜಮಖಾನಕ್ಕ ಹಾಸಿನ ನೂಲು ತೀರಿತು ಅಂದ್ರ ಮುಗೀತು, ಕೊಯ್ದು ಇಳಸ್ತಾರ. ನಂದು ಯಾರು ಕೊಯ್ತಾರ?"

ಮನೆಗೆ ಹುಚ್ಚು ಬಂದರೆ ಮನೆ ಹೇಗಾಗುತ್ತದೆ ಗೊತ್ತೇ? ಮೆತ್ತಗಾಗುತ್ತದೆ. ಅವ್ವ ಕೆಮ್ಮುವುದಾದರೂ ಹಿತ್ತಲಿಗೆ ಹೋಗಿ ಕೆಮ್ಮಿ ಬರುತ್ತಿದ್ದಳು. ಭಾಭಿ ದಿನಕ್ಕೆ ಆರು ಸಲ ಚಹಾ ಒಯ್ಯುತ್ತಿದ್ದಳು, ಐದು ಸಲ ಹಾಗೆಯೇ ತರುತ್ತಿದ್ದಳು. ಕರೆದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದೆ ಇರುವುದು! ನಾನು ಒಲೆಯ ಮುಂದೆ ಎರಡು ನಿಮಿಷ ಸುಮ್ಮನೆ ನಿಂತರೆ "ಅನ್ನ ಸೀದಿತೇನು?" ಎಂದು ಮೂರು ಕಡೆಯಿಂದ ಕೂಗು ಬರುತ್ತದೆ. ನನಗೂ ಹುಚ್ಚು ಹಿಡಿಯುವ ದಿನಗಳಿದ್ದವು. ಆದರೆ ಆ ದಿನ ಒಗೆಯುವುದು ಇರುತ್ತಿತ್ತು, ಇಲ್ಲವೇ ಚಿಕ್ಕವಳಿಗೆ ಗೋಬರದ ಜ್ವರ.

("ನನ್ನ ಬ್ಯಾನಿ ನಿನಗ ಚೈನಿ ಕಂಡೈತೇನ ಲೇ?" ಎನ್ನುತ್ತಾನೆ ಜಹೀರುದ್ದೀನ, ಈ ಹಾಳೆಯೊಳಗಿಂದ.

"ಹೌದು" ಎನ್ನುತ್ತೇನೆ. "ಸುಳ್ಳ ಯಾಕ ಹೇಳ್ಲಿ?"

"ತಲಿಯೊಳಗ ಯಾರೋ ಬಡ್ಯಾಕತ್ತಂಗ ಆಗ್ತಿತ್ತು. ಅದನ್ನೂ ಬರಿ."

ಬರೆದಿದ್ದೇನೆ, ನೋಡು. ನಿನ್ನ ತಲೆಯೊಳಗೆ ಪಂಜಾ ಬಡಿಯುತ್ತಿತ್ತು. ಬಡಿದರೂ ಎಳೆ ಕೂಡುತ್ತಿರಲಿಲ್ಲ. ನೀನು ಎರಡೂ ಕೈಯಿಂದ ತಲೆ ಒತ್ತಿ ಹಿಡಿದು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದೆ. ನಾನು ಬಂದಾಗಲೆಲ್ಲ ನಿನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದೆ, ನನ್ನ ಮಕ್ಕಳಿಗೆ ತಟ್ಟಿದ ಹಾಗೆ. ಹೊಟ್ಟೆಕಿಚ್ಚಿನ ಕೈಯಿಂದ ಎಣ್ಣೆ ತಟ್ಟಬಾರದು ಅಂತ ಎಲ್ಲೂ ಬರೆದಿಲ್ಲ.)

೫

ನಾನು ತವರಿಗೆ ಬಂದಿದ್ದಾಗ ಒಂದು ದಿನ ಅವನು ಮಗ್ಗದ ಹಿಂದೆ ಹೋಗಿ ಕೂತ. ನನ್ನ ಜಾಗದಲ್ಲಿ.

"ಅವ್ವಾ, ನನಗ ನವಿಲು ಕಲಸು. ಒಂದ ನವಿಲು. ಕೆಳಗಿಂದ ಮ್ಯಾಲಿನ ತನಕ. ಒಂದನ್ನ ನಾ ಮುಗಿಸಿದೆ ಅಂದ್ರ ಆರಾಮ ಆಗ್ತೀನಿ."

"ಗಂಡಸರಿಗೆ ಇಲ್ಲಪಾ."

"ಹೆಂಡ್ತಿಗಿ ಕಲಿಸೀದಿ."

"ಆಕಿ ಸೊಸಿ."

ಅವನು ಅಜೀಜಾಬಿಯ ಕಡೆ ತಿರುಗಿದ. ಭಾಭಿ ಮೊದಲ ದಿನವೇ ಅತ್ತೆಯ ತಲೆ ಮುಟ್ಟಿ ಆಣೆ ಇಟ್ಟವಳು, ತನಗೆ ಸೊಸೆ ಬರುವ ತನಕ ಯಾರಿಗೂ ಹೇಳುವುದಿಲ್ಲ ಅಂತ. ತಲೆ ತಗ್ಗಿಸಿ ನೇಯುತ್ತಲೇ ಇದ್ದಳು. ಮರುದಿನ ಅವ್ವ ಮಗ್ಗದ ಹಿಂದೆ ಹಳೆಯ ಸೀರೆಯೊಂದನ್ನು ಪರದೆ ಕಟ್ಟಿದಳು, ಮಗನಿಗೆ ಕಾಣದ ಹಾಗೆ.

(ಅವ್ವನನ್ನು ಕಲ್ಲು ಮಾಡಿದೆ ಎಂದು ಅನ್ನಿಸುತ್ತದೆಯೇ? ಸೀರೆಯನ್ನು ಅವಳು ಮೂರು ಸಲ ಕಟ್ಟಿದಳು, ಮೂರು ಸಲವೂ ಜಾರಿತು. ಗಂಟು ಬೀಳದೆ ನನ್ನ ಕೈಲಿ ಹಾಕಿಸಿದಳು. ನಾನು ಬಿಗಿಯಾಗಿಯೇ ಹಾಕಿದೆ.)

೬

ಎಂಬತ್ತಾರರ ಮಾರ್ಚಿನಲ್ಲಿ, ಬಿಸಿಲು ಏರುವ ಹೊತ್ತಿಗೆ, ನಾನು ಅವನನ್ನು ಅಣ್ಣಿಗೇರಿಗೆ ಕರೆದುಕೊಂಡು ಬಂದೆ. ಹವಾ ಬದಲಾಗಲಿ ಅಂತ. ಮಾಸ್ತರಿಕೆ ಮಾಡುವ ನಮ್ಮ ಮನೆಯವರು ಶಾಲೆಗೆ ಹೋದ ಮೇಲೆ, ಮಕ್ಕಳು ಮಲಗಿದ ಮೇಲೆ, ಮಲಗುವ ಹೊರಸನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ. ಅದರ ಮೇಲಿಂದ ಕೆಳಗೆ ನೂಲು ಎಳೆದು ಕಟ್ಟಿದೆ. ಅವನು ನೋಡುತ್ತ ನಿಂತ.

"ಏನಿದು?"

"ಮಗ್ಗ. ಕೂಡು."

"ನಿನಗ ಬರ್ತೈತೇನು?"

ಹದಿನೇಳು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಯಾಕೆ ತೆಗೆದೆ? "ಅವನು ಆರಾಮಾಗಲಿ ಅಂತ" ಎಂದು ಒಂದು ಡ್ರಾಫ್ಟಿನಲ್ಲಿ ಬರೆದಿದ್ದೆ. ಅದು ಅರ್ಧ. ದೊಡ್ಡ ಚಿತ್ರಕಾರ ನನ್ನ ಮುಂದೆ ಕಲಿಯಲು ಕೂಡಲಿ ಅಂತ, ಅದು ಉಳಿದರ್ಧ.

ಅವನ ಬೆರಳು ಹಿಡಿದು ಎಳೆ ದಾಟಿಸಿದೆ. "ಮೂರು ಬಿಡು, ಒಂದು ಹಿಡಿ. ಅವಸರ ಮಾಡಬ್ಯಾಡ." ಎರಡನೆಯ ದಿನ ಅವನು ಕಾಲನ್ನು ಬಿಚ್ಚಿ ತಿದ್ದಲು ಹೋದಾಗ ಕೈ ಮೇಲೆ ಒಂದು ಕೊಟ್ಟೆ. "ಬಡದದ್ದು ಬಡದಾತು. ಮುಂದ ನಡಿ."

"ಛಂದ ಆಗಿಲ್ಲಲಾ."

"ಆಗಿಲ್ಲ. ಮುಂದ ನಡಿ."

ಅವನು ಆ ದಿನ ಚಹಾ ಕುಡಿದ. ನಾಲ್ಕನೆಯ ದಿನ ನನ್ನ ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ನೇಯ್ದ. ಎಂಟನೆಯ ದಿನ ಹಾಡಿಕೊಂಡ. ಒಂದೂವರೆ ವರ್ಷದಲ್ಲಿ ಕೆರೆದು ತೆಗೆಯದೆ ಬಿಟ್ಟ ಮೊದಲ ಕೆಲಸ ಅದು. ಹನ್ನೆರಡನೆಯ ದಿನ ಮಧ್ಯಾಹ್ನ ಕುತ್ತಿಗೆ ಮುಗಿಯಿತು.

"ಮುಂದ?" ಎಂದ.

೭

ಈ ಭಾಗವನ್ನು ಐದು ಸಲ ಬರೆದಿದ್ದೇನೆ. ನಾಲ್ಕರಲ್ಲಿ ನಾನು ಒಳ್ಳೆಯವಳು.

ನಡೆದದ್ದು ಹೀಗೆ. ಮೊದಲು ನಾನು ಸತ್ಯವನ್ನೇ ಹೇಳಿದೆ. "ಮುಂದ ನನಗ ಗೊತ್ತಿಲ್ಲ."

ಅವನು ನಕ್ಕ. "ಚ್ಯಾಷ್ಟಿ ಬ್ಯಾಡ, ಹೇಳು."

"ಖರೇನ ಗೊತ್ತಿಲ್ಲ."

ಅವನ ಮುಖ ಬದಲಾಯಿತು. "ಮುಚ್ಚಿಡಾಕತ್ತಿ. ಅವ್ವನ ಮಗಳ ಅಲ್ಲೇನ ನೀ? ಇಷ್ಟೆಲ್ಲಾ ಬರ್ತೈತಿ, ತಲಿ ಬರಂಗಿಲ್ಲೇನು? ಯಾರನ್ನ ಹುಚ್ಚ ಮಾಡ್ತಿ?" ಆಮೇಲೆ ಎದ್ದು ನನ್ನ ಮುಂದೆ ಕೈ ಮುಗಿದ. "ಫಾತಿ, ನಿನ್ನ ಕಾಲಿಗಿ ಬೀಳ್ತೀನಿ. ನಿನ್ನ ಕಡೆ ಐತಿ, ಕೊಡು."

ನಿನ್ನ ಕಡೆ ಐತಿ.

ಯಾರೂ ನನಗೆ ಹಾಗೆ ಅಂದಿರಲಿಲ್ಲ. ಅವ್ವನ ಕಡೆ ಇತ್ತು, ಭಾಭಿಯ ಕಡೆ ಇತ್ತು, ಇವನ ಕಡೆ ಇಡೀ ಎರೆಹೊಲ ಇತ್ತು. ನನ್ನ ಕಡೆ ಏನೋ ಇದೆ ಎಂದು ನಂಬಿ ಒಬ್ಬ ದೊಡ್ಡ ಮನುಷ್ಯ ಕೈ ಮುಗಿದು ನಿಂತಿದ್ದ. ಆ ಸುಖ ಬಾಯಿಯೊಳಗೆ ಬೆಲ್ಲದ ಹಾಗೆ ಕರಗಿತು.

"ಹೌದು, ಗೊತ್ತೈತಿ" ಎಂದೆ. "ಹೇಳಂಗಿಲ್ಲ."

೮

ಸಂಜೆಯ ಬಸ್ಸಿಗೆ ಅವನು ನವಲಗುಂದಕ್ಕೆ ಹೋದ. ಎರಡು ದಿನದ ಮೇಲೆ, ಅವ್ವ ಮತ್ತು ಭಾಭಿ ಒಂದು ಮದುವೆಗೆ ಹೋದಾಗ, ಮಗ್ಗದ ಮೇಲಿದ್ದ ಮುಕ್ಕಾಲು ಮುಗಿದ ಜಮಖಾನವನ್ನು ಬಿಚ್ಚಿದ. ಮೇಲಿನಿಂದ ಬಿಚ್ಚಿದರೆ ಮೊದಲು ಸಿಗುವುದು ತಲೆ. ಕೊಂಡಿ ಹೇಗೆ ಹಾಕಿದ್ದಾರೆ ನೋಡಬೇಕಿತ್ತು. ನಿಧಾನ ಮಾಡಿದ್ದರೆ ತಿಳಿಯುತ್ತಿತ್ತೇನೋ. ಎಳೆ ಹಿಡಿದು ಜಗ್ಗಿದ. ಮೂರೂ ಬಣ್ಣ ಒಟ್ಟಿಗೆ ಕಳಚಿ ಬಂದವು. ಇನ್ನೊಂದು ನವಿಲನ್ನು ಜಗ್ಗಿದ. ಎಂಟು ನವಿಲು.

ಅವ್ವ ಬಂದಾಗ ಅವನು ನೂಲಿನ ರಾಶಿಯ ನಡುವೆ ಕೂತು ಅಳುತ್ತಿದ್ದನಂತೆ. ಅವ್ವ ಬೈಯಲಿಲ್ಲ. ಬಾಜು ಕೂತು ಕೆಂಪು ಕೆಂಪಿಗೆ, ಹಳದಿ ಹಳದಿಗೆ ಉಂಡೆ ಸುತ್ತತೊಡಗಿದಳು. ಎಲ್ಲ ಸುತ್ತಿದ ಮೇಲೆ ಹೇಳಿದಳು: "ಅಜೀಜಾ, ನಾಳಿ ಇವನ್ನ ಧಾರವಾಡದ ದವಾಖಾನಿಗಿ ಕರಕೊಂಡು ಹೋಗೂಣು."

ಅಣ್ಣಿಗೇರಿಯಲ್ಲಿ ನನ್ನ ಹೊರಸು ಇನ್ನೂ ಗೋಡೆಗೆ ಆನಿಸಿಯೇ ಇತ್ತು. ಆ ತಲೆಯನ್ನು ನಾನು ನಲವತ್ತು ಸಲವಾದರೂ ನೇಯಲು ನೋಡಿದೆ. ನಲವತ್ತು ತೂತು.

೯

ಈಗ ಮುಕ್ತಾಯ. ನನ್ನ ಹತ್ತಿರ ಕೆಲವಿವೆ.

ಒಂದನೆಯದರಲ್ಲಿ ಜಹೀರುದ್ದೀನ ಗುಣವಾಗಿ ಹೊರಬಂದು ತಲೆಯಿಲ್ಲದ ನವಿಲುಗಳನ್ನು ಬರೆಯುತ್ತಾನೆ. ಮುಂಬೈ ಬೆರಗಾಗುತ್ತದೆ. ಪತ್ರಿಕೆಯ ಎಡಿಟರಿಗೆ ಇದು ಹಿಡಿಸಬಹುದು, ಮಾಡರ್ನ್ ಇದೆ. ಹರಿದು ಹಾಕಿದೆ. ನನಗೆ ಬಾರದ್ದೂ ಅವನ ಕೀರ್ತಿಗೇ ಹೋಗಬೇಕೇ?

ಎರಡನೆಯದರಲ್ಲಿ ಅವ್ವ ಸಾಯುವ ಹಾಸಿಗೆಯಲ್ಲಿ ನನ್ನನ್ನು ಕರೆದು ತಲೆ ಕಲಿಸುತ್ತಾಳೆ. ನಾನು ಅಳುತ್ತೇನೆ, ಓದುಗರೂ ಅಳುತ್ತಾರೆ.

("ನನ್ನ ಯಾಕ ಸಾಯಸ್ತಿ ಬೇ?" ಎನ್ನುತ್ತಾಳೆ ಅವ್ವ. "ಗಟ್ಟಿಮುಟ್ಟಾಗೀನಿ. ನಿನ್ನೆ ಎರಡು ರೊಟ್ಟಿ ತಿಂದೀನಿ. ಸತ್ತರೂ ಕಲಸಂಗಿಲ್ಲ.")

ಮೂರನೆಯದರಲ್ಲಿ ನಾನು ದವಾಖಾನೆಗೆ ಹೋಗಿ ಅಣ್ಣನಿಗೆ ಸತ್ಯ ಹೇಳುತ್ತೇನೆ. ಇದನ್ನು ಬರೆಯುವ ಮೊದಲು ಹೋಗಿಯೇ ಬರೋಣ ಅನ್ನಿಸಿತು. ಅವನನ್ನು ಅಲ್ಲಿಗೆ ಸೇರಿಸಿ ಎರಡು ವರ್ಷವಾಗಿತ್ತು. ಹೋದ ಭಾನುವಾರ ಭಾಭಿಯ ಜೊತೆ ಹೋದೆ.

೯, ನಡೆದಷ್ಟು

ಅವನು ದಪ್ಪಗಾಗಿದ್ದಾನೆ. ಬೇವಿನ ಗಿಡದ ಕೆಳಗೆ ಇನ್ನಿಬ್ಬರ ಜೊತೆ ಚೌಕಾಬಾರಾ ಆಡುತ್ತಿದ್ದ. ಭಾಭಿ ಡಾಕ್ಟರನ್ನು ಕಾಣಲು ಒಳಗೆ ಹೋದಳು. ನಾನು ಅವನ ಬಾಜು ಕೂತೆ.

"ಅಣ್ಣಾ, ಆ ತಲಿ ವಿಚಾರ..."

"ಹೇಳಬ್ಯಾಡ" ಎಂದ ತಟ್ಟನೆ. "ನಿನ್ನ ಕಡೆ ಐತಿ ಅಂತ ಗೊತ್ತೈತಲಾ, ಅಷ್ಟು ಸಾಕು. ಈಗ ನಾ ಹುಡಕೂದು ಬಿಟ್ಟೀನಿ. ನಿದ್ದಿ ಬರ್ತೈತಿ, ಫಾತಿ. ಹಸಿವಿ ಆಗ್ತೈತಿ. ನೀ ಹೇಳಿದಿ ಅಂದ್ರ ನಾ ಮತ್ತ ಬ್ರಷ್ ಹಿಡೀಬೇಕಾಗ್ತೈತಿ."

"ಹಿಡದ್ರ ಛಲೋ ಅಲ್ಲೇನು? ಭಾಭಿ ದಾರಿ ನೋಡಾಕತ್ತಾಳ."

"ನೋಡ್ಲಿ. ನಿನಗೇನು? ನಾ ಚಿತ್ರ ಬರೀಲಿಲ್ಲ ಅಂದ್ರ ನಿನಗ ಸಂತೋಷ ಅಲ್ಲೇನು?" ನಗುತ್ತಲೇ ಕೇಳಿದ. ಕವಡೆ ಎಸೆದ. "ನಾಕು! ಹೋತು ನಿನ್ನ ಕಾಯಿ, ಹುಚ್ಚಪ್ಪಾ."

(ಹುಚ್ಚಪ್ಪ ಎದುರಿಗೆ ಕೂತವನ ಹೆಸರು. ನಾನು ಇಟ್ಟದ್ದಲ್ಲ, ಅವನ ಅಪ್ಪ ಅವ್ವ ಇಟ್ಟದ್ದು.)

ಅವನಿಗೆ ಗೊತ್ತಿತ್ತು. ಯಾವಾಗಿನಿಂದಲೋ ಗೊತ್ತಿತ್ತು, ನನ್ನ ಹೊಟ್ಟೆಕಿಚ್ಚು. ಗೊತ್ತಿದ್ದೂ ನನ್ನ ಸುಳ್ಳನ್ನು ಮಾತ್ರ ನಂಬಿದ್ದ. ನಾನು ಸತ್ಯ ಹೇಳಲಿಲ್ಲ. "ಅವನ ನಿದ್ದೆ ಕೆಡಬಾರದು ಅಂತ" ಎಂದು ಬರೆಯಲು ಪೆನ್ನು ಎತ್ತಿದೆ. ಎತ್ತಿ, ಇಳಿಸಿದೆ.

ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಭಾಭಿ ನನ್ನ ಬಾಜು ಕೂತಿದ್ದಳು. ನವಲಗುಂದದ ಬಸ್ಸು ಬಂದಿರಲಿಲ್ಲ.

"ಡಾಕ್ಟರ್ ಅಂದ್ರು, ಯಾವಾಗ ಬೇಕಾದ್ರ ಮನಿಗಿ ಹೋಗಬಹುದು ಅಂತ" ಎಂದಳು. "ಅವ್ರ ಒಲ್ಲೆ ಅಂತಾರ. ತಲಿ ನಿನ್ನ ಕಡೆ ಇರೂ ತನಕ ಇಲ್ಲೇ ಇರ್ತೀನಿ ಅಂತಾರಂತ. ಏನದು, ಫಾತಿಮಾ?"

"ನನಗ ತಲಿ ಗೊತ್ತಿಲ್ಲ, ಭಾಭಿ. ಸುಳ್ಳ ಹೇಳಿದೆ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಈ ಕಥೆಗೆ ಒಳ್ಳೆಯದಿತ್ತು.

"ನನಗ ಅನಿಸಿತ್ತು" ಎಂದಳು. "ಗೊತ್ತಿದ್ರ ಮಕ್ಕಳ ಕೌದಿ ಮ್ಯಾಲಾದ್ರೂ ಒಂದು ನವಿಲು ಹಾಕತಿದ್ದಿ. ಇಷ್ಟ ವರ್ಷ ಸುಮ್ನ ಕೂಡೂ ಹೆಣ್ಣಲ್ಲ ನೀ."

ಆಮೇಲೆ, "ನೀ ಅವ್ರಿಗಿ ತಲಿ ಹೇಳಬೇಕು. ಹೇಳಿದ್ರ ಎದ್ದು ಬರ್ತಾರ."

"ಬಂದ್ರ ಮತ್ತ ಬಡತ ಶುರು ಆಗ್ತೈತಿ ತಲಿಯೊಳಗ."

"ಆಗ್ಲಿ. ನನ್ನ ಮನ್ಯಾಗ ಆಗ್ಲಿ. ಇಲ್ಲಾ ಅಂದ್ರ ಮುಗಿಸಿ ಆರಾಮ ಆಗ್ಲಿ. ಎರಡರಾಗ ಒಂದು." ಸುತ್ತ ಒಮ್ಮೆ ನೋಡಿದಳು. "ಕೈ ಕೊಡು."

"ಯಾಕ?"

"ಅತ್ತಿಗಿ ನಾ ಹೇಳಿಕೋತೀನಿ. ಆಣಿ ಮುರದ ಪಾಪ ನನಗ ಹತ್ಲಿ. ಕೊಡು ಕೈ."

(ಭಾಭಿ ಇಲ್ಲಿ ಹಾಳೆಯಿಂದ ಎದ್ದು ಕೇಳುತ್ತಾಳೆ: "ಇಷ್ಟು ಬರೀತಿ, ನನ್ನ ಬಗ್ಗೆ ಒಂದ ಛಲೋ ಮಾತು ಎಲ್ಲೈತಿ?" ಇಲ್ಲ. ಹುಡುಕಿದೆ. ಎಮ್ಮೆ ಕಟ್ಟುವ ಮಾತನ್ನು ಬರೆದವಳು ನಾನು. ಅವ್ವ ಮಗ್ಗ ಬಿಟ್ಟ ಮೇಲೆ ವರ್ಷಗಟ್ಟಲೆ ಎರಡು ಜನರ ಮಗ್ಗವನ್ನು ಒಬ್ಬಳೇ ನೇಯ್ದದ್ದನ್ನು ಬರೆಯಲಿಲ್ಲ.)

ನನಗೆ ಆ ತಲೆ ಬೇಕು. ಅವ್ವನ ಕೈಯಿಂದ ಬೇಕಿತ್ತು. ಯಮನೂರಿನಿಂದ ಬಂದ ಈ ಹೆಣ್ಣಿನ ಕೈಯಿಂದ ಭಿಕ್ಷೆಯಾಗಿ ಬೇಡ. ತೆಗೆದುಕೊಂಡರೆ ನನ್ನ ಸುಳ್ಳು ಸತ್ಯವಾಗುತ್ತದೆ, ಮತ್ತೆ ಆ ಸತ್ಯವನ್ನು ಅಣ್ಣನಿಗೆ ಕೊಡಬೇಕಾಗುತ್ತದೆ. ಅವನು ಎದ್ದು ಬರುತ್ತಾನೆ. ಬರೆಯುತ್ತಾನೆ. ಇನ್ನೂ ದೊಡ್ಡವನಾಗುತ್ತಾನೆ. ಇಲ್ಲವೇ ಮುರಿಯುತ್ತಾನೆ. ನಾನು ಮತ್ತೆ ಅಣ್ಣಿಗೇರಿಯಲ್ಲಿ ರೊಟ್ಟಿ ಬಡಿಯುತ್ತಿರುತ್ತೇನೆ.

ಕೈ ಹಿಂದೆಳೆದುಕೊಂಡೆ ಎಂದು ಬರೆಯಬಹುದು. ಕೊಟ್ಟೆ ಎಂದೂ ಬರೆಯಬಹುದು. ಎರಡನ್ನೂ ಬರೆದು ನೋಡಿದ್ದೇನೆ, ಎರಡೂ ಹಾಳೆಗಳು ಇಲ್ಲೇ ಇವೆ. ನಿಮಗೆ ತೋರಿಸುವುದಿಲ್ಲ.

ಇಷ್ಟು ಮಾತ್ರ ನಡೆದದ್ದು. ಅವಳು ನಾನು ಕೊಡುವ ದಾರಿ ನೋಡಲಿಲ್ಲ. ನನ್ನ ಬಲಗೈ ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ನೂಲು ಉಜ್ಜಿ ಉಜ್ಜಿ ಗಡುಸಾದ ಅವಳ ಬೆರಳು ನನ್ನ ತೋರುಬೆರಳಿನ ಮೊದಲ ಗೆಣ್ಣಿನ ಮೇಲೆ ಬಂತು. ತುಟಿ ಹತ್ತಿರ ತಂದು, ಯಾರಿಗೂ ಕೇಳದ ಹಾಗೆ ಹೇಳಿದಳು:

"ಮೊದಲ ಕೊಕ್ಕು. ಕೆಂಪ ಎಳಿ ಬಲಕ್ಕ ಹೊಂಟೈತಿ ಅಂತ ತಿಳಕೋ. ಹಳದೀ ಎದುರಿಗಿ ಬರ್ತೈತಿ. ಎರಡೂ ಕೂಡೂ ಕಡೆ, ನೋಡು, ಇಲ್ಲಿ..."

ನಾನು ಮುಖ ಬೇರೆ ಕಡೆ ತಿರುಗಿಸಿದೆ. ಕೈ ಅವಳ ತೊಡೆಯ ಮೇಲೆಯೇ ಇತ್ತು.